ಕಾರ್ಡಿಗೆ ಮೆತ್ತಿದ ಕುಂಕುಮ

ಮಂಡಿ ಮೊಹಲ್ಲಾದ ಷಡಕ್ಷರಿಯವರು ರೇಡಿಯೊ ರಿಪೇರಿಯಿಂದ ಕಂಪ್ಯೂಟರಿಗೆ ಬಂದವರು. ಬಿಚ್ಚಿ ನೋಡದೆ ಯಾವುದನ್ನೂ ಕೆಟ್ಟಿದೆ ಅಂದವರಲ್ಲ.

ಆಯುಧಪೂಜೆಯ ಮಾರನೇ ದಿನ ಗಗನ ಎಂಬ ಹುಡುಗಿ ತಾನೇ ಜೋಡಿಸಿದ ಹೊಸ ಕಂಪ್ಯೂಟರನ್ನು ಅವರ ಅಂಗಡಿಗೆ ತಂದಳು. ಒಳಗೆ ಗ್ರಾಫಿಕ್ಸ್ ಕಾರ್ಡ್ ಇದ್ದರೂ ಕಂಪ್ಯೂಟರ್ ಅದನ್ನು ಗುರುತಿಸುತ್ತಿರಲಿಲ್ಲ. ಅವಳು ಮೊದಲು ತೋರಿಸಿದ ದೊಡ್ಡ ಅಂಗಡಿಯವನು ಮುಚ್ಚಳವನ್ನೂ ತೆಗೆಯದೆ, "ನೀವೇ ಸುಟ್ಟಿದ್ದೀರ, ಹೊಸದು ತಗೊಳ್ಳಿ" ಅಂದಿದ್ದನಂತೆ. ನಾಚಿಕೆಗೇಡು!

ಷಡಕ್ಷರಿಯವರು ಕಾರ್ಡ್ ತೆಗೆದು ನೋಡಿ ನಕ್ಕರು. "ಹಾಕೋಕೆ ಮುಂಚೆ ಪೂಜೆ ಮಾಡಿದ್ಯೇನಮ್ಮ?"

"ಅಜ್ಜಿ ಮಾಡ್ಬುಟ್ರು, ಸಾರ್."

ಕಾರ್ಡಿನ ಚಿನ್ನದ ಬಣ್ಣದ ಹಲ್ಲುಗಳಿಗೆ ಕುಂಕುಮ ಮೆತ್ತಿ, ಸಂಪರ್ಕವನ್ನೇ ತಪ್ಪಿಸಿತ್ತು.

"ಆಗೆಲ್ಲ ದಸರಾ ಮುಗಿದ್ರೆ ರೇಡಿಯೊಗಳೂ ಹಿಂಗೇ ಬರ್ತಿದ್ವು ಕಣಮ್ಮ. ಬಿಚ್ಚಿದ್ರೆ ಅರಿಶಿನದ ವಾಸನೆ!"

ಸ್ಪಿರಿಟ್ಟಿನಲ್ಲಿ ಒರೆಸಿ, ಒಣಗಿಸಿ, ಮತ್ತೆ ಕೂರಿಸಿದರು. ಪರದೆಯಲ್ಲಿ ಕಾರ್ಡಿನ ಹೆಸರು ಮೂಡಿತು.

"ನೀನೇನೂ ಸುಟ್ಟಿಲ್ಲ. ಮುಂದಿನ ವರ್ಷ ಕುಂಕುಮಾನ ಹೊರಗಿನ ಡಬ್ಬಕ್ಕೆ ಹಚ್ಚೋಕೆ ಅಜ್ಜಿಗೆ ಹೇಳು."

ಗಗನ ಕಣ್ಣೊರೆಸಿಕೊಂಡು ನಕ್ಕಳು.