ಐದನೆಯ ಚೌಕ

ಗುರಿಯಿಲ್ಲದ ಕಲಿಕೆಗೆ ಅರ್ಥವಿಲ್ಲವೆಂದು ಹಿರಿಯರು ಗಂಭೀರವಾಗಿ ಹೇಳುತ್ತಲೇ ಬಂದಿದ್ದಾರೆ. ನಮ್ಮ ಕಾಲೇಜಿನಲ್ಲಿ ಒಂದೊಂದು ವಿಷಯಕ್ಕೂ ಐದೈದು ಗುರಿ ಬೇಕಿತ್ತು, ಅದೂ ಗುರುವಾರ ನಾಲ್ಕು ಗಂಟೆಯೊಳಗೆ. ಏಕೆಂದರೆ ಫಾರಂನಲ್ಲಿ ಐದು ಚೌಕಗಳಿದ್ದವು.

ಅರಸೀಕೆರೆಯ ಆ ಕಾಲೇಜಿನಲ್ಲಿ ನಾನು ಅಲ್ಗಾರಿದಮ್ ಪಾಠ ಮಾಡುತ್ತಿದ್ದೆ. ಕಂಪ್ಯೂಟರಿಗೆ ಕೆಲಸವನ್ನು ಹೆಜ್ಜೆಹೆಜ್ಜೆಯಾಗಿ ಹೇಳುವ ವಿದ್ಯೆ ಅದು. ಗುರಿಗಳಲ್ಲಿ 'ಅರ್ಥಮಾಡಿಕೊಳ್ಳುವುದು' ಎಂಬ ಪದ ನಿಷಿದ್ಧ, ಅದನ್ನು ಅಳೆಯಲಾಗುವುದಿಲ್ಲವಂತೆ. ವಿವರಿಸಬಹುದು, ಹೋಲಿಸಬಹುದು, ಲೆಕ್ಕ ಹಾಕಬಹುದು. ನಾಲ್ಕು ಚೌಕ ತುಂಬಿದವು. ಐದನೆಯದಕ್ಕೆ 'ಕಲಿತದ್ದನ್ನು ನಿಜಜೀವನಕ್ಕೆ ಅನ್ವಯಿಸುವುದು' ಎಂದು ಬರೆದು ಫಾರಂ ಕೊಟ್ಟೆ. ಮೊದಲ ದಿನ ಐದನ್ನೂ ತರಗತಿಯಲ್ಲಿ ಓದಿ ಬರೆಸಬೇಕೆಂಬುದು ಪದ್ಧತಿ. ಬರೆಸಿದೆ.

ಆಮೇಲೆ ಒಳಪರೀಕ್ಷೆ. ಪ್ರತಿ ಪ್ರಶ್ನೆಯ ಪಕ್ಕದಲ್ಲೂ ಅದು ಯಾವ ಗುರಿಗೆಂದು ನಮೂದಿಸಬೇಕು. ಊರುಗಳ ನಡುವಿನ ದೂರ ಕೊಟ್ಟು ಅತಿ ಹತ್ತಿರದ ದಾರಿ ಕೇಳುವುದು ವಾಡಿಕೆ. ಅರಸೀಕೆರೆಯಿಂದ ಬೇಲೂರಿಗೆ ಕೇಳಿದೆ. ಇರುವ ದೂರವನ್ನೇ ಕೊಟ್ಟರೆ ಊಹಿಸಿಯೇ ಬರೆದುಬಿಡುತ್ತಾರೆ, ಲೆಕ್ಕ ಮಾಡುವುದಿಲ್ಲ. ಹಾಗಾಗಿ ಜಾವಗಲ್–ಹಳೇಬೀಡು ರಸ್ತೆಯನ್ನು ತೊಂಬತ್ತು ಕಿಲೋಮೀಟರಿಗೆ ಎಳೆದೆ, ಇನ್ನೊಂದು ದಿಕ್ಕಿನಲ್ಲಿರುವ ಗಂಡಸಿ ಎಂಬ ಊರನ್ನು ಬೇಲೂರಿನ ಪಕ್ಕಕ್ಕೆ ತಂದು ಇಟ್ಟೆ. ಇಷ್ಟು ದೊಡ್ಡ ಕಾಮಗಾರಿ ಟೆಂಡರ್ ಇಲ್ಲದೆ ಮುಗಿಯಿತು.

ಎಲ್ಲರೂ ಗಂಡಸಿಯ ಮೇಲೆ ಹೋದರು, ಒಬ್ಬಳನ್ನು ಬಿಟ್ಟು. ಹಳೇಬೀಡಿನಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಹುಡುಗಿ. ಲೆಕ್ಕವನ್ನೇ ಮಾಡದೆ 'ಜಾವಗಲ್, ಹಳೇಬೀಡು, ಬೇಲೂರು' ಎಂದು ಬರೆದು, ಬೆಳಗಿನ ಬಸ್ಸಿನ ವೇಳೆಯನ್ನೂ ಸೇರಿಸಿದ್ದಳು. ಸೊನ್ನೆ ಹಾಕಿದೆ. ಆ ಪ್ರಶ್ನೆಯ ಹತ್ತು ಅಂಕ ಬಾರದಿದ್ದರೆ ಒಳಪರೀಕ್ಷೆಯ ಕನಿಷ್ಠ ಅಂಕ ಮುಟ್ಟದೆ ಅವಳು ಅಂತಿಮ ಪರೀಕ್ಷೆಗೆ ಕೂರುವಂತಿಲ್ಲ, ಒಂದು ವರ್ಷ ಹೋಗುತ್ತದೆ. ಮರುದಿನ ಸ್ಟಾಫ್ ರೂಮಿಗೆ ಬಂದಳು.

"ದಾರಿ ತಪ್ಪು ಕಣಮ್ಮ," ಎಂದೆ.

"ದಿನಾ ಅದೇ ದಾರೀಲಿ ಬರ್ತೀನಿ ಸಾರ್. ತೊಂಬತ್ತು ಕಿಲೋಮೀಟ್ರು ಎಲ್ಲೈತೆ? ಅಷ್ಟಿದ್ದಿದ್ರೆ ನಾನು ಬರೋಷ್ಟ್ರಲ್ಲಿ ನಿಮ್ಮ ಕ್ಲಾಸೇ ಮುಗ್ದಿರ್ತಿತ್ತು."

"ಪ್ರಶ್ನೇಲಿ ಕೊಟ್ಟಿದ್ದನ್ನ ನಂಬಬೇಕು."

"ಎ, ಬಿ, ಸಿ ಅಂತ ಹಾಕಿದ್ರೆ ನಂಬ್ತಿದ್ದೆ. ನಮ್ಮೂರ ಹೆಸ್ರು ಹಾಕಿ ಸುಳ್ಳು ಬರೆದ್ರೆ ಹೆಂಗೆ ನಂಬೋದು ಸಾರ್? ಪ್ರಿಂಟ್ ತಪ್ಪಾಗೈತೆ ಅಂದ್ಕೊಂಡೆ." ನೋಟ್ ಪುಸ್ತಕ ತೆರೆದು ನನ್ನ ಮುಂದೆ ಹಿಡಿದಳು. "ಐದನೇದು ನೀವೇ ಬರ್ಸಿದ್ದು. ನಿಜಜೀವನ ಅಂತ."

ಅದೇ ದೂರಗಳನ್ನು ಎ, ಬಿ, ಸಿ ಎಂದು ಚೀಟಿಯಲ್ಲಿ ಬರೆದುಕೊಟ್ಟೆ. ನಿಂತಲ್ಲೇ ಪೂರ್ತಿ ಲೆಕ್ಕ ಮಾಡಿ ಕೊಟ್ಟಳು. ಒಂದು ಅಂಕಿಯೂ ತಪ್ಪಿರಲಿಲ್ಲ.

ಚೀಟಿ ಹಿಡಿದು ವಿಭಾಗದ ಮುಖ್ಯಸ್ಥರ ಹತ್ತಿರ ಹೋಗಿ, ಹುಡುಗಿ ಐದನೆಯ ಗುರಿ ತೋರಿಸಿದ್ದನ್ನೂ ಹೇಳಿದೆ. ಅವರು ನನಗಿಂತ ಹದಿನೈದು ವರ್ಷ ಚಿಕ್ಕವರು, ನಿಯಮಗಳಲ್ಲಿ ನನಗಿಂತ ಹಿರಿಯರು.

"ಆ ಪ್ರಶ್ನೆ ಯಾವ ಗುರಿಗೆ ಅಂತ ತೋರ್ಸಿದ್ದೀರಿ?"

"ಮೂರನೇದಕ್ಕೆ. ಲೆಕ್ಕ ಹಾಕೋದು."

"ಐದನೇದಕ್ಕೆ?"

"ಯಾವ ಪ್ರಶ್ನೆನೂ ಇಟ್ಟಿಲ್ಲ."

"ಹಂಗಾದ್ರೆ ಅಂಕಾನೂ ಇಲ್ಲ ಕಣ್ರೀ. ಚೀಟಿ ಉತ್ತರಪತ್ರಿಕೆ ಆಗಲ್ಲ. ಪ್ರಶ್ನೇನೇ ತಪ್ಪು ಅಂತ ನೀವು ಬರ್ದುಕೊಟ್ರೆ ಮರುಪರೀಕ್ಷೆ ಮಾಡ್ಸೋಣ. ಕೊಡ್ತೀರಾ?"

ಹಾಳೆ ಮುಂದಿತ್ತು, ಪೆನ್ನು ಜೇಬಿನಲ್ಲಿತ್ತು. ನನ್ನ ಪ್ರಶ್ನೆ ತಪ್ಪೆಂದು ಅಷ್ಟು ವರ್ಷಗಳಲ್ಲಿ ಒಮ್ಮೆಯೂ ಬರೆದುಕೊಟ್ಟಿರಲಿಲ್ಲ. ನೋಡೋಣ ಎಂದು ಎದ್ದು ಸ್ಟಾಫ್ ರೂಮಿಗೆ ಬಂದೆ. ಮನಸ್ಸಿಗೆ ಹೇಗಾಯಿತೆಂದು ಕೇಳಿದರೆ, ಏನೂ ಆಗಲಿಲ್ಲ. ಟೀ ಆರಿಹೋಗಿತ್ತು, ಕುಡಿದೆ. ಬೇರೆ ತರಗತಿಯ ಉತ್ತರಪತ್ರಿಕೆಗಳನ್ನು ತಿದ್ದಿದೆ.

ಸಂಜೆ ಹೊರಬಂದಾಗ ಹುಡುಗಿ ಬಾಗಿಲ ಹೊರಗೇ ಕಾಯುತ್ತಿದ್ದಳು. "ಏನಾಯ್ತು ಸಾರ್?"

"ನಿಯಮ ಇಲ್ವಂತಮ್ಮ."

"ಹೋಗ್ಲಿ ಬಿಡಿ ಸಾರ್, ಬಸ್ಸಿಗೆ ಹೊತ್ತಾಯ್ತು," ಎಂದು ಹೊರಟಳು.

ಶನಿವಾರ ಅಂಕಪಟ್ಟಿಗೆ ಸಹಿ ಹಾಕಿದೆ. ಆ ವರ್ಷ ಅವಳಿಗೆ ಹಾಲ್ ಟಿಕೆಟ್ ಬರಲಿಲ್ಲ.