ತಮ್ಮನ ಹಗ್ಗದ ಮೂರು ಗಂಟು

ನಾನು ಓದಿದ್ದು ಐದನೇ ಕ್ಲಾಸು. ಶಿವಾಜಿನಗರದ ಮಾರ್ಕೆಟ್ಟಿನೆದುರು ಹೂ ಕಟ್ಟುತ್ತಿದ್ದೆ. ನನ್ನ ತಮ್ಮ ಕಮ್ಮನಹಳ್ಳಿಯ ಫ್ರಾನ್ಸಿಸ್ಕನ್ ಮಠ ಸೇರಿದ್ದ. ತೊಂಬತ್ತರ ದಶಕದ ಕೊನೆಯಲ್ಲಿ ಅವನು ವ್ರತ ತೆಗೆದುಕೊಳ್ಳುವ ದಿನ ಬಂತು. ಹಿಂದಿನ ದಿನ ಅವನ ಕಂದು ನಿಲುವಂಗಿಯನ್ನೂ ಸೊಂಟಕ್ಕೆ ಕಟ್ಟುವ ಬಿಳಿ ಹಗ್ಗವನ್ನೂ ಒಗೆದು ಇಸ್ತ್ರಿ ಮಾಡಿ ಕೊಡುತ್ತೇನೆಂದು ನಾನೇ ಹಟ ಹಿಡಿದು ಮನೆಗೆ ತಂದೆ.

ಹಗ್ಗದ ತುದಿಯಲ್ಲಿ ಮೂರು ದಪ್ಪ ಗಂಟುಗಳಿದ್ದವು. ಹೂ ಕಟ್ಟುವವರಿಗೆ ದಾರದಲ್ಲಿ ಗಂಟು ಕಂಡರೆ ಕೈ ಸುಮ್ಮನಿರುವುದಿಲ್ಲ. ಹಲ್ಲು ಹಾಕಿದೆ, ಹೇರ್‌ಪಿನ್ನು ಹಾಕಿದೆ, ಕೊನೆಗೆ ಚಮಚದ ಹಿಡಿ ತೂರಿಸಿ ಮೂರನ್ನೂ ಬಿಡಿಸಿದೆ. ಇಸ್ತ್ರಿ ಪೆಟ್ಟಿಗೆ ಹಾಯಿಸಿ ಹಗ್ಗವನ್ನು ರಿಬ್ಬನ್ನಿನ ಹಾಗೆ ಚಪ್ಪಟೆ ಮಾಡಿ, ನನ್ನ ಕೆಲಸಕ್ಕೆ ನಾನೇ ಬೀಗಿದೆ.

ಬೆಳಿಗ್ಗೆ ಮಠದ ಅಂಗಳದಲ್ಲಿ ನೋಡಿದರೆ ಎಲ್ಲ ಬ್ರದರ್‌ಗಳ ಹಗ್ಗದಲ್ಲೂ ಮೂರು ಮೂರು ಗಂಟು! ಪಕ್ಕದಲ್ಲಿದ್ದ ಸಿಸ್ಟರ್ ಒಬ್ಬರನ್ನು ಕೇಳಿದೆ.

“ಅದು ಅವರ ವ್ರತ ಕಣಮ್ಮ. ಒಂದು ಬಡತನ, ಒಂದು ಬ್ರಹ್ಮಚರ್ಯ, ಒಂದು ವಿಧೇಯತೆ.”

ಮೂರನ್ನೂ ನಾನು ಚಮಚದಲ್ಲಿ ಬಿಚ್ಚಿದ್ದೆ. ಸೀಬೆ ಮರದ ಹಿಂದೆ ನಿಂತು ಗಡಿಬಿಡಿಯಲ್ಲಿ ನನಗೆ ಗೊತ್ತಿದ್ದ ಹೂವಿನ ಗಂಟನ್ನೇ ಹಾಕಿದೆ. ತುದಿ ಎಳೆದರೆ ಅದು ಬಿಚ್ಚಿಕೊಳ್ಳುತ್ತದೆ. ತಮ್ಮನಿಗೆ ಏನೂ ಹೇಳದೆ ಕೊಟ್ಟೆ.

ಅವನು ಮಂಡಿಯೂರಿದಾಗ ಹಗ್ಗದ ತುದಿ ಮೊಣಕಾಲಡಿ ಸಿಕ್ಕಿಕೊಂಡಿತು. ಬಡತನದ ಮಾತು ಹೇಳುವಾಗ ಮೊದಲ ಗಂಟು ಸಡಿಲಿ ಹೋಯಿತು. ಬ್ರಹ್ಮಚರ್ಯ ಎನ್ನುವಾಗ ಎರಡನೆಯದು.

“ಅಯ್ಯೋ, ಅದೂ ಹೋಯ್ತು!” ಎಂದು ನಮ್ಮ ಚಿಕ್ಕಮ್ಮ ಜೋರಾಗಿಯೇ ಅಂದಳು. ಮೂರನೆಯದೂ ಬಿಚ್ಚಿಕೊಂಡಾಗ ಹಿರಿಯ ಫಾದರ್ ನಗು ತಡೆಯಲಾರದೆ ಕರ್ಚೀಫಿನಲ್ಲಿ ಮುಖ ಮುಚ್ಚಿಕೊಂಡರು.

“ಯಾರಪ್ಪ ಕಟ್ಟಿದ್ದು?” ಎಂದು ಅವರು ಆಮೇಲೆ ಕೇಳಿದಾಗ ನಾನು ಮಾಡಿನ ಹೆಂಚು ನೋಡುತ್ತಿದ್ದೆ.

“ನಾನೇ ಫಾದರ್, ಹೋದ್ವರ್ಷ” ಎಂದ ತಮ್ಮ. ಪಾಪ, ಒಂದು ತಿಂಗಳು ಗಂಟು ಹಾಕುವ ಅಭ್ಯಾಸ ಮಾಡಿದ. ಮಠದಲ್ಲಿ ಎಲ್ಲರೂ ಅವನನ್ನು ಬಿಚ್ಚುಗಂಟು ಬ್ರದರ್ ಎಂದೇ ಕರೆದರು.

ಅಷ್ಟಕ್ಕೇ ಮುಗಿದಿದ್ದರೆ ಮರೆತುಬಿಡುತ್ತಿದ್ದೆನೇನೋ. ಅವನು ಗುರುವಾಗಿ, ಫಾದರ್ ಎನಿಸಿಕೊಂಡ ಮೇಲೆ ಅದನ್ನೇ ಪೂಜೆಯಲ್ಲಿ ಹೇಳುವ ತನ್ನ ದೊಡ್ಡ ಪ್ರಬೋಧನೆ ಮಾಡಿಕೊಂಡ. “ನಾನೇ ಬಿಗಿದಿದ್ದ ಗಂಟು, ಯಾವ ಮನುಷ್ಯನ ಕೈಯೂ ಬಿಚ್ಚಿರಲಿಲ್ಲ! ನನ್ನ ಅಹಂಕಾರ ಇಳಿಸೋಕೆ ದೇವರೇ ಬಿಚ್ಚಿದ್ರು!” ಜನ ಕಣ್ಣೊರೆಸಿಕೊಳ್ಳುತ್ತಿದ್ದರು. ನನ್ನ ಕಣ್ಣ ಮುಂದೆ ಚಮಚ ಬರುತ್ತಿತ್ತು.

ಕೆಲವು ವರ್ಷಗಳ ನಂತರ ಆ ಮಠ ಖಾಲಿಯಾಯಿತು. ಎಲ್ಲರೂ ವಿಮಾನಪುರದ ಕಡೆಯ ಹೊಸ ಮಠಕ್ಕೆ ಹೊರಟರು. ಹಳೆಯದರ ಕೊನೆಯ ಪೂಜೆಯಲ್ಲೂ ತಮ್ಮ ಗಂಟಿನ ಕಥೆಯನ್ನೇ ಹೇಳಿದ. ಇನ್ನು ತಡೆಯಲಾರದೆ ಅದೇ ಸೀಬೆ ಮರದಡಿ ಅವನೆದುರು ಎಲ್ಲ ಒಪ್ಪಿಕೊಂಡೆ.

“ಚಮಚಾನಾ?”

“ಹೂಂ ಕಣೋ. ಸ್ಟೀಲಿಂದು.”

“ಬಿಷಪ್ ಎದುರಿಗೂ ಹೇಳಿದೀನಲ್ಲೇ ಅಕ್ಕ!” ಸಾಮಾನಿನ ಟ್ರಂಕಿನ ಮೇಲೆ ಕುಸಿದು ಕೂತ. ತನ್ನ ಹಗ್ಗದ ಗಂಟುಗಳನ್ನು ಒಂದೊಂದಾಗಿ ಎಳೆದು ನೋಡಿದ. “ಸರಿ, ಇನ್ಮೇಲೆ ನಿಜಾನೇ ಹೇಳ್ತೀನಿ. ನೀನು ಮುಂದಿನ ಸಾಲಲ್ಲೇ ಕೂತ್ಕೋಬೇಕು. ಅದೇ ನಿನ್ನ ಪ್ರಾಯಶ್ಚಿತ್ತ.”

ಹೊಸ ಮಠದಲ್ಲಿ ಅವನೀಗ “ಆ ಕೈ ಇಲ್ಲೇ ಕೂತಿದೆ ನೋಡಿ” ಎಂದು ತೋರಿಸುತ್ತಾನೆ. ಯಾರೂ ಅಳುವುದಿಲ್ಲ, ಬೆಂಚು ಅಲುಗುವಂತೆ ನಗುತ್ತಾರೆ. ಪೂಜೆ ಮುಗಿದ ಮೇಲೆ ಹೆಂಗಸರು ಸಿಕ್ಕುಬಿದ್ದ ಜಪಮಾಲೆಗಳನ್ನು ತಂದು ನನ್ನ ಮಡಿಲಿಗೆ ಹಾಕುತ್ತಾರೆ. ಕೂತು ಬಿಡಿಸಿ ಕೊಡುತ್ತೇನೆ. ಕೈಚೀಲದಲ್ಲಿ ಚಮಚ ಇಟ್ಟುಕೊಂಡೇ ಹೋಗಿರುತ್ತೇನೆ.