ಭಾವಮೈದನಿಗೆ ನಾನು ಕಟ್ಟಿದ ದರ

ಚಳ್ಳಕೆರೆಯ ನಮ್ಮ ಬೀದಿಯ ಚಹಾ ಅಂಗಡಿಯಲ್ಲಿ ಕಬಡ್ಡಿಗೆ ಬಾಜಿ ಕಟ್ಟುವುದು ಮಿರ್ಚಿ ಮಂಡಕ್ಕಿಯಲ್ಲಿ. ದುಡ್ಡು ಮುಟ್ಟುವಂತಿಲ್ಲ. ಪ್ರತಿ ಆಟಗಾರನಿಗೂ ಹತ್ತಕ್ಕೆ ಇಷ್ಟು ಎಂದು ಅಂಕ ಕೊಟ್ಟು, ದರ ಹೇಳುವವನು ನಾನು. ಈ ಕೆಲಸವನ್ನು ನನಗೆ ಯಾರೂ ಒಪ್ಪಿಸಿರಲಿಲ್ಲ. ಕಣ್ಣಾರೆ ಕಾಣದ್ದಕ್ಕೆ ಅಂಕ ಕೊಡುವುದಿಲ್ಲ ಎಂಬ ನನ್ನ ಹಟ ನೋಡಿ, ಜನ ನನ್ನ ದರವನ್ನೇ ಒಪ್ಪತೊಡಗಿದರು.

ಹೋದ ವರ್ಷ ಮೊಳಕಾಲ್ಮೂರಿನ ನೇಕಾರರ ತಂಡ ಪರಶುರಾಂಪುರದವರ ಎದುರು ಆಡಲು ನಮ್ಮೂರಿಗೆ ಬಂತು. ಆ ತಂಡದಲ್ಲಿ ನನ್ನ ಹೆಂಡತಿಯ ತಮ್ಮನಿದ್ದ. ಗುಂಡಿಮಗ್ಗದಲ್ಲಿ ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂತು ರೇಷ್ಮೆ ಸೀರೆ ನೇಯುವವನು, ತಂಡದಲ್ಲಿ ಎಲ್ಲರಿಗಿಂತ ಹಿರಿಯ. ಈ ಪಂದ್ಯದಲ್ಲಿ ಅಂಕ ತರದಿದ್ದರೆ ತಂಡದಲ್ಲಿ ಜಾಗವಿಲ್ಲ ಎಂದು ಅವರ ನಾಯಕ ಹೇಳಿಬಿಟ್ಟಿದ್ದ. ಅಂದಿನಿಂದ ಅವನು ಸರಿಯಾಗಿ ಉಣ್ಣುತ್ತಿಲ್ಲ ಎಂದು ಅತ್ತೆ ಫೋನಿನಲ್ಲಿ ಪೇಚಾಡುತ್ತಿದ್ದರು.

ನಾನು ಅವನಿಗೆ ಹತ್ತಕ್ಕೆ ಮೂರು ಕೊಟ್ಟೆ. ಅವನು ಅಂಕ ತರುತ್ತಾನೆ ಎನ್ನುವವರಿಗೆ ಒಂದಕ್ಕೆ ಐದು. ಸಂಜೆಯೊಳಗೆ ಸುದ್ದಿ ಮನೆ ಮುಟ್ಟಿತು.

“ನನ್ನ ತಮ್ಮಂಗೆ ಬರೀ ಮೂರಾ?” ಎಂದಳು ಹೆಂಡತಿ.

“ಕುಂಟ್ತಾನೆ ಕಣೆ. ಕಣ್ಣಾರೆ ನೋಡೀನಿ.”

“ಯಾವಾಗ?”

“ನಿಮ್ಮನೆಗೆ ಹೋದಾಗಲೆಲ್ಲ.”

ಅವಳು ನಕ್ಕಳು. “ಹಂಗಾರೆ ನಾನೂ ಕಟ್ತೀನಿ. ಅವನು ಅಂಕ ತರದಿದ್ರೆ ಒಂದು ವಾರ ನಿಮ್ಮ ಬಟ್ಟೆಗೆ ಇಸ್ತ್ರಿ ಹಾಕೋದು ನಾನು. ತಂದ್ರೆ ಐದು ವಾರ ಮುದ್ದೆ ತಿರುವೋದು ನೀವು. ನಿಮ್ಮ ದರಾನೇ ಐತಲ್ಲ.”

ಅಂಗಡಿಯವನಿಗೆ ಇದು ತಿಳಿಯಿತು. ಆಮೇಲೆ ತಿಳಿಯದವರು ಯಾರೂ ಉಳಿಯಲಿಲ್ಲ.

ಪಂದ್ಯದ ಕೊನೆಯ ದಾಳಿಗೆ ಅವನೇ ಹೋದ. ಅಲ್ಲಿಯವರೆಗೆ ಹೋದಾಗಲೆಲ್ಲ ಬರಿಗೈಯಲ್ಲಿ ಮರಳಿದ್ದ, ತಂಡವೂ ಹಿಂದಿತ್ತು. ನಾನು ನಡುಗೆರೆಯ ತುದಿಯಲ್ಲಿ ನೆಲದ ಮೇಲೆ ಕೂತಿದ್ದೆ. ಪರಶುರಾಂಪುರದ ನಾಲ್ವರು ಅವನ ಸೊಂಟ, ಕಾಲು ಹಿಡಿದು ಕೆಡವಿದರು. ಅವನು ಬಿದ್ದಲ್ಲಿಂದಲೇ ಗೆರೆಯ ಕಡೆ ಕೈ ಚಾಚಿದ. ಸೀಟಿ ಕೇಳಿಸಿತು. “ಮುಟ್ಟಿದ!” “ಮುಟ್ಟಿಲ್ಲ!” ಎಂದು ಎರಡೂ ಕಡೆಯವರು ಅಂಕಣಕ್ಕೆ ನುಗ್ಗಿದರು. ಅಂಪೈರ್‌ಗೆ ಆಟಗಾರರ ಬೆನ್ನು ಅಡ್ಡವಾಗಿತ್ತು. ಅವರು ನನ್ನತ್ತ ತಿರುಗಿದರು.

“ನೀವು ಗೆರೆ ತುದೀಲೇ ಇದ್ರಲ್ಲ, ಏನ್ ಕಂಡ್ರಿ?”

“ಅವರು ಅವನ ಭಾವ ಕಣ್ರೀ! ಅವರನ್ನ ಕೇಳ್ತೀರಾ?” ಎಂದು ಯಾರೋ ಕೂಗಿದರು.

ಪರಶುರಾಂಪುರದ ನಾಯಕನೇ ಕೈಯೆತ್ತಿ ತಡೆದ. “ಸುಮ್ಕಿರ್ರಲೇ. ಮುಟ್ಟಿದ ಅಂದ್ರೆ ಅವರು ಐದು ವಾರ ಮುದ್ದೆ ತಿರುವಬೇಕು. ಸುಳ್ಳು ಹೇಳಿ ಯಾರಾದ್ರೂ ಕೈ ಸುಟ್ಕಂತಾರಾ?”

ಜನ ಗೊಳ್ಳೆಂದರು. ನನಗೆ ನಗು ಬರಲಿಲ್ಲ. ಎದ್ದು ನಿಂತೆ. ಭಾವಮೈದ ಮಣ್ಣಿನಲ್ಲೇ ಮಲಗಿ ನನ್ನ ಮುಖ ನೋಡುತ್ತಿದ್ದ. ನಾನು ಕಂಡಷ್ಟನ್ನೇ ನಿಧಾನವಾಗಿ ಹೇಳಿದೆ: “ಬಲಗೈ ನಡುಬೆರಳಿನ ತುದಿ ಸುಣ್ಣದ ಗೆರೆ ಮೇಲೆ ಬಂತು. ಬೇರೆ ಬೆರಳು ಬರಲಿಲ್ಲ. ಸೀಟಿ ಊದಿದ್ದು ಆಮೇಲೆ.”

ಹಿಡಿದ ನಾಲ್ವರೂ ಔಟಾದರು. ಮೊಳಕಾಲ್ಮೂರು ಗೆದ್ದಿತು. ಭಾವಮೈದ ಜಿಗಿದೆದ್ದು ಓಡಿ ತನ್ನ ನಾಯಕನ ಹೆಗಲೇರಿದ. ಆ ಓಟದಲ್ಲಿ ಕುಂಟು ಎಳ್ಳಷ್ಟೂ ಇರಲಿಲ್ಲ.

“ಗುಂಡಿಯಿಂದ ಎದ್ದ ಕೂಡ್ಲೆ ಎಂಥ ನೇಕಾರನೂ ಕುಂಟ್ತಾನೆ ರೀ, ಕಾಲು ಜೋಮು ಹಿಡಿದಿರ್ತೈತೆ” ಎಂದಳು ಪಂದ್ಯ ನೋಡಲು ಬಂದಿದ್ದ ಹೆಂಡತಿ. “ನಾಲ್ಕು ಹೆಜ್ಜೆ ಹಾಕಿದ್ರೆ ಸರಿಹೋಗ್ತೈತೆ.”

ನಾನು ಹೋದಾಗಲೆಲ್ಲ ಅವನು ಮಗ್ಗ ಬಿಟ್ಟೆದ್ದು, ಗೋಡೆ ಹಿಡಿದು ಬಾಗಿಲಿಗೆ ಬಂದು, ನನ್ನನ್ನು ಕೂರಿಸಿ ತಾನೂ ಕೂರುತ್ತಿದ್ದ. ಇಷ್ಟು ವರ್ಷ ನಾನು ಅಳೆದದ್ದು ನನ್ನ ಮರ್ಯಾದೆಗೆಂದು ಅವನಿಟ್ಟ ಆ ನಾಲ್ಕು ಹೆಜ್ಜೆಯನ್ನೇ.

ಭಾನುವಾರ ಅಭ್ಯಾಸಕ್ಕೆ ತಪ್ಪದೆ ಬರಬೇಕೆಂದು ನಾಯಕ ಅವನಿಗೆ ಹೇಳಿ ಬಸ್ ಹತ್ತಿದ. ಅವನು ನಮ್ಮಲ್ಲೇ ಉಳಿದ. ನಾನು ಬೆವರಿಳಿಸಿಕೊಂಡು ಮುದ್ದೆ ತಿರುವಿ ತಟ್ಟೆಗೆ ಹಾಕಿದೆ. ಮುರಿದರೆ ಒಳಗೆಲ್ಲ ಹಿಟ್ಟಿನ ಗಂಟು.

“ಭಾವ, ಇದ್ರಾಗೆ ಹಸಿ ಹಿಟ್ಟು ಐತೆ” ಎನ್ನುತ್ತಲೇ ಅವನು ಎರಡನೆಯದಕ್ಕೆ ತಟ್ಟೆ ಚಾಚಿದ.

“ಉಣ್ಣು ಸುಮ್ನೆ,” ಎಂದಳು ಅವನ ಅಕ್ಕ. “ಐದು ವಾರ ಐತೆ, ಕಲೀತಾರೆ.”